ಡೈಸಿಯ ತವರುಮನೆ

ಟಿಕ್ ಟಿಕ್ ಟಿಕ್ ಟಿಕ್. ಪರಸಿ ಕಲ್ಲಿನ ಮೇಲೆ ಸಣ್ಣ ಉಗುರುಗಳ ಸದ್ದು. ಕಟ್ಟೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಯ ಹೊಸ್ತಿಲ ತನಕ, ಅಲ್ಲಿ ಒಂದು ಕ್ಷಣ ನಿಂತು, ಮತ್ತೆ ಕಟ್ಟೆಗೆ. ಮಸ್ಕಿಯಲ್ಲಿ ಬೇಸಿಗೆಯ ಮಧ್ಯಾಹ್ನ ಅಂದರೆ ಊರಿಗೆ ಊರೇ ಬಾಗಿಲು ಮುಂದೆ ಮಾಡಿಕೊಂಡು ಮಲಗಿಬಿಡುತ್ತಿತ್ತು. ಗುಡ್ಡದ ಬಂಡೆಗಳು ಕಾದು ಬೆಳ್ಳಗೆ ಹೊಳೆಯುತ್ತಿದ್ದವು. ಆಗ ನಮ್ಮ ಮನೆಯಲ್ಲಿ ಎಚ್ಚರ ಇರುತ್ತಿದ್ದದ್ದು ಅದೊಂದೇ ಸದ್ದು. ಟೈಪಿಂಗ್ ಕ್ಲಾಸಿಗೆ ಹೊಸದಾಗಿ ಸೇರಿದ ಹುಡುಗಿ ಹೆದರಿ ಹೆದರಿ ಒಂದೊಂದೇ ಅಕ್ಷರ ಹೊಡೆದಂತೆ ಕೇಳುತ್ತಿತ್ತು.

ಇದು ನೆನಪಾದದ್ದು ಮೊನ್ನೆ. ನಾನೀಗ ಲಿಂಗಸುಗೂರಿನಲ್ಲಿದ್ದೇನೆ. ಮಹಡಿಯ ಮೇಲೆ ಬಾಡಿಗೆಗಿರುವ ಬ್ಯಾಂಕಿನ ಹುಡುಗಿ ಕೆಳಗಿಳಿದು ಬಂದು, “ಆಂಟಿ, ನಮ್ಮ ಮನ್ಯಾಗ ಆಗ್ಲೇ ಒಂದು ದೊಡ್ಡ ನಾಯಿ ಐತ್ರಿ. ಎರಡನೇದು ಸಣ್ಣ ಬ್ರೀಡ್ ತರಬೇಕಂತ ಮಾಡೀವಿ. ಯಾವುದು ಛಲೋ ಹೇಳ್ರಿ” ಅಂದಳು. ಫೋನಿನಲ್ಲಿ ಒಂದರ ಹಿಂದೊಂದು ಚಿತ್ರ ಸರಿಸಿ ತೋರಿಸಿದಳು. ಒಂದಕ್ಕೆ ಕಿವಿ ದೊಡ್ಡದು, ಒಂದಕ್ಕೆ ಮೂಗೇ ಇಲ್ಲ. ನಾನೂ ಕನ್ನಡಕ ಏರಿಸಿಕೊಂಡು ದೊಡ್ಡ ಎಕ್ಸ್‌ಪರ್ಟ್ ಹಾಗೆ ಎಲ್ಲವನ್ನೂ ನೋಡಿ, ಕಡೆಗೆ, “ಬ್ರೀಡ್ ಆಮ್ಯಾಲ ನೋಡೋಣವಾ. ಮರಿ ಕೊಡೋರು ಯಾರು?” ಅಂದೆ. “ಪೆಟ್ ಶಾಪ್, ಆಂಟಿ” ಅಂದು ಆಕೆ ನನ್ನನ್ನು ‘ಪುವರ್ ಓಲ್ಡ್ ಥಿಂಗ್’ ಅನ್ನುವ ಹಾಗೆ ನೋಡಿ ಹೋದಳು. ತಪ್ಪು ಅವಳದಲ್ಲ. ಆ ಪ್ರಶ್ನೆ ನನ್ನದೂ ಅಲ್ಲ, ನಮ್ಮ ಅತ್ತೆಯವರದು.

ನಮ್ಮ ಮನೆಯಲ್ಲಿ ಹಾಗೆ ಟಿಕ್ ಟಿಕ್ ಅಂತ ಓಡಾಡುತ್ತಿದ್ದದ್ದೂ ಎರಡನೆಯ ನಾಯಿಯೇ. ಮೊದಲನೆಯದು ಟೈಗರ್. ಪಾಮನಕಲ್ಲೂರಿನ ಕುರಿಗಾರರಿಂದ ನಮ್ಮವರು ತಂದ ಬೇಟೆನಾಯಿ. ಉದ್ದ ಕಾಲು, ಒಳಗೆ ಹೋದ ಹೊಟ್ಟೆ. ಪ್ರಾಯದಲ್ಲಿ ಅದು ಓಡಿದರೆ ಕಣ್ಣಿಗೆ ಕಾಣುತ್ತಿದ್ದದ್ದು ಧೂಳು ಮಾತ್ರ. ನಾನು ಹೇಳುವ ಕಾಲಕ್ಕೆ, ಅಂದರೆ ಎಂಬತ್ತರ ದಶಕದ ನಡುವಿನಲ್ಲಿ, ಟೈಗರ್ ಮುದುಕನಾಗಿದ್ದ. ಕಿವಿ ಪೂರ್ತಿ ಕೇಳಿಸುತ್ತಿರಲಿಲ್ಲ. ಹಾಲಿನವನು, ಭಿಕ್ಷುಕ, ಅಂಗಡಿಯ ಗುಮಾಸ್ತ, ಯಾರು ಬಂದರೂ ಕಟ್ಟೆಯ ಮೇಲೆ ಅವನನ್ನು ದಾಟಿಕೊಂಡೇ ಒಳಗೆ ಬರುತ್ತಿದ್ದರು. ಬಟ್ಟೆ ವ್ಯಾಪಾರದ ಮನೆ, ಕಾವಲು ಬೇಡವೇ? ನಮ್ಮವರು ಒಂದು ಐಡಿಯಾ ತೆಗೆದರು. “ಒಂದು ಸಣ್ಣ ನಾಯಿ ತರೋಣು. ಸಣ್ಣದು ಒದರತೈತಿ, ಟೈಗರ್ ಎದ್ದು ಹಿಡೀತೈತಿ. ಅದು ಬೆಲ್ಲು, ಇದು ಪೊಲೀಸು.”

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನನ್ನ ತಾಯಿ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಳು. ಅಪ್ಪ ಹೊಸಪೇಟೆಯಲ್ಲಿ ಡ್ಯಾಮಿನ ಆಫೀಸಿನಲ್ಲಿ ಗುಮಾಸ್ತ. ಹೆಣ್ಣುಮಗುವಿನ ಜಡೆ ಹಾಕಲಿಕ್ಕೆ ಬಾರದ ಮನುಷ್ಯ, ನನ್ನನ್ನು ಬಳ್ಳಾರಿಯಲ್ಲಿ ಕಾನ್ವೆಂಟ್ ಬೋರ್ಡಿಂಗಿಗೆ ಬಿಟ್ಟ. ಸಿಸ್ಟರುಗಳು ಜಡೆಯ ತಂಟೆಯೇ ಬೇಡವೆಂದು ಕೂದಲು ಕತ್ತರಿಸಿದರು. ಅಲ್ಲಿ ನಾನು ಕಲಿತದ್ದು ಇಂಗ್ಲಿಷ್ ಪ್ರೇಯರು, ಫೋರ್ಕಿನಲ್ಲಿ ಆಲೂಗಡ್ಡೆ ತಿನ್ನುವುದು, ಅಳು ಬಂದರೆ ‘ಎಕ್ಸ್‌ಕ್ಯೂಸ್ ಮಿ’ ಅಂದು ಹೊರಗೆ ಹೋಗುವುದು. ಇಷ್ಟು ವಿದ್ಯೆ ಕಟ್ಟಿಕೊಂಡು ಮಸ್ಕಿಯ ಲಿಂಗವಂತರ ಮನೆಗೆ ಸೊಸೆಯಾಗಿ ಬಂದೆ. ರೊಟ್ಟಿ ಬಡಿಯಲು ಕಲಿಯುವಷ್ಟರಲ್ಲಿ ಅಪ್ಪನೂ ಹೋದ. ಅಣ್ಣತಮ್ಮಂದಿರಿಲ್ಲ. ನನ್ನ ತವರುಮನೆ ಅಂದರೆ ಒಂದು ಸರ್ಕಾರಿ ಕ್ವಾರ್ಟರ್ಸ್. ಅಪ್ಪ ಹೋದ ಮೇಲೆ ಅದಕ್ಕೆ ಬೇರೆಯವರು ಸುಣ್ಣ ಬಳಿಸಿಕೊಂಡರು.

ವರ್ಷವಿಡೀ ಅದರ ನೆನಪು ಬಾರದಂತೆ ಇರಬಹುದಿತ್ತು, ಪಂಚಮಿಯೊಂದನ್ನು ಬಿಟ್ಟು. ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಅಣ್ಣನೋ ತಮ್ಮನೋ ಕರೆಯಲು ಬರಲೇಬೇಕು. ಶ್ರಾವಣ ಹತ್ತಿರ ಬಂದರೆ ನಮ್ಮ ಓಣಿಯ ಸೊಸೆಯಂದಿರೆಲ್ಲ ಟ್ರಂಕು ತುಂಬಿಕೊಂಡು ಬಸ್‌ ಸ್ಟ್ಯಾಂಡಿನ ದಾರಿ ಹಿಡಿಯುತ್ತಿದ್ದರು. ಓಣಿಯ ಹೆಣ್ಣುಮಕ್ಕಳೆಲ್ಲ ಗಂಡನ ಮನೆಯಿಂದ ಬಂದು ಜೋಕಾಲಿ ಕಟ್ಟುತ್ತಿದ್ದರು. ನಾನು ಹೋದವರಲ್ಲೂ ಇಲ್ಲ, ಬಂದವರಲ್ಲೂ ಇಲ್ಲ. ನಾದಿನಿಯರಿಗೆ ಉಂಡಿ ಕಟ್ಟಿಕೊಟ್ಟು, ಅವರು ಜೀಕುವಾಗ ನಾನು ಒಳಗೆ ಇಂಗ್ಲಿಷ್ ಕಾದಂಬರಿ ಹಿಡಿದು ಕೂತಿರುತ್ತಿದ್ದೆ. “ವೈನಿಗೆ ಇಂಥವೆಲ್ಲ ಸೇರಂಗಿಲ್ಲ, ಕಾನ್ವೆಂಟಿನ್ಯಾಕಿ” ಅನ್ನುತ್ತಿದ್ದರು. ನಾನು ನಕ್ಕು ಪುಟ ತಿರುವುತ್ತಿದ್ದೆ. ಫ್ರ್ಯಾಂಕ್ಲಿ, ಆ ದಿನಗಳಲ್ಲಿ ಓದಿದ ಒಂದು ಕಾದಂಬರಿಯ ಕಥೆಯೂ ಈಗ ನೆನಪಿಲ್ಲ.

ಇರಲಿ, ನಾಯಿಗೆ ಬರೋಣ.

ಸಣ್ಣ ನಾಯಿ ಅಂದಕೂಡಲೇ ನನ್ನ ಕಾನ್ವೆಂಟ್ ಜ್ಞಾನ ಎದ್ದು ಕೂತಿತು. ‘ಗುಡ್ ಕಂಡಕ್ಟ್’ಗೆ ಅಂತ ಸಿಸ್ಟರು ಕೊಟ್ಟಿದ್ದ ನಾಯಿಗಳ ಚಿತ್ರದ ಪುಸ್ತಕ ಟ್ರಂಕಿನ ತಳದಲ್ಲಿತ್ತು. ಅದನ್ನು ತೆಗೆದು ಪಡಸಾಲೆಯಲ್ಲಿ ಅತ್ತೆಯವರ ಮುಂದೆ ಹರವಿಕೊಂಡು ಕೂತೆ. ಅತ್ತೆಯವರು ಶೇಂಗಾ ಒಡೆಯುತ್ತಿದ್ದರು. ಮಡಿ, ಲಿಂಗಪೂಜೆ ಎಲ್ಲದರಲ್ಲೂ ಬಲು ಕಟ್ಟುನಿಟ್ಟು. ಟೈಗರ್ ಕಟ್ಟೆಯಿಂದ ಒಳಗೆ ಒಂದು ಕಾಲಿಟ್ಟವನಲ್ಲ. ಆದರೆ ಚಿತ್ರ ನೋಡಲಿಕ್ಕೆ ಮಡಿ ಅಡ್ಡ ಬರುವುದಿಲ್ಲವಲ್ಲ.

“ಇದು ಡ್ಯಾಕ್ಸ್‌ಹುಂಡ್, ಅತ್ತಿ.”

“ಇದನ್ನ ಯಾರು ಹಿಡದು ಜಗ್ಯಾರ? ನಮ್ಮ ಪರಸಿ ಮ್ಯಾಲ ಇದರ ಹೊಟ್ಟಿ ಸವದು ಹೋಗತೈತಿ. ಮುಂದ.”

“ಇದು ಪೆಕಿನೀಸ್. ಚೀನಾದ ರಾಜರ ಮನೆಯಾಗ ಇರತಿತ್ತಂತ.”

“ರಾಜನ ಸಿಟ್ಟು ಇದರ ಮಾರಿ ಮ್ಯಾಲ ಬಿದ್ದೈತಿ ತಗಿ. ಯಾರೋ ಒದ್ದಂಗ ಐತಿ.”

“ಚಿವಾವಾ. ಎಲ್ಲಾಕಿಂತ ಸಣ್ಣದು.”

“ಬೆಕ್ಕು ಕಚ್ಕೊಂಡು ಹೋಗತೈತಿ.”

ಪೂಡಲ್ ಬಂತು. ಅಲ್ಲಲ್ಲಿ ಬೋಳಿಸಿ ಅಲ್ಲಲ್ಲಿ ಗುಪ್ಪೆ ಬಿಟ್ಟಿದ್ದ ಅದರ ಮೈಯನ್ನು ಅತ್ತೆಯವರು ಶೇಂಗಾ ಬಿಟ್ಟು ನೋಡಿದರು. “ಪಾಪ, ಯಾವ ದೇವರಿಗೆ ಹರಕಿ ಹೊತ್ತಿದ್ರು? ಪೂರಾ ತೀರಿಸಿಲ್ಲಲ್ಲ.”

ಕೊನೆಗೆ ಪಮೇರಿಯನ್. ಬೆಳ್ಳಗೆ, ದುಂಡಗೆ, ಬಾಯಲ್ಲಿ ನಗೆ. ಅತ್ತೆಯವರ ಮುಖ ಸಡಿಲಾಯಿತು. “ಇದು ನೋಡು, ಹತ್ತಿ ಬಿಡಿಸಿ ಇಟ್ಟಂಗ ಐತಿ. ಇದಾಗತೈತಿ.” ಆಮೇಲೆ ಪುಸ್ತಕವನ್ನು ಮುಚ್ಚಿ ನನ್ನತ್ತ ತಳ್ಳಿದರು. “ಖರೆ ಸುಶೀಲಾ, ಗುಣ ಪುಸ್ತಕದಾಗ ಇರಂಗಿಲ್ಲ. ಹೆಣ್ಣು ತರೂವಾಗ ರೂಪ ನೋಡತಾರೇನು? ಕೊಡೋರ ಮನಿತನ ನೋಡಬೇಕು.”

ಮನೆತನ ಸಿಕ್ಕಿದ್ದು ಸಿಂಧನೂರಿನಲ್ಲಿ. ನಮ್ಮವರಿಗೆ ಪರಿಚಯದ ಅಕ್ಕಿ ಗಿರಣಿಯವರ ಮನೆ. ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆಯುತ್ತಿದ್ದ ಕ್ಯಾಂಪಿನ ರೈತರೊಬ್ಬರು ಆ ಮನೆಗೆ ಒಂದು ಪಮೇರಿಯನ್ ಹೆಣ್ಣುನಾಯಿ ಕೊಟ್ಟಿದ್ದರಂತೆ. ಈಗ ಅದು ಮರಿ ಹಾಕಿದೆ. ನಾನು, ನಮ್ಮವರು ಹೋಗಿ ತರೋಣ ಅಂದುಕೊಂಡರೆ ಅತ್ತೆಯವರು ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. “ಹೆಣ್ಣು ನೋಡಾಕ ಹಿರ್ಯಾರಿಲ್ಲದ ಹೋಗ್ತಾರೇನು?”

ಆ ಮನೆಯ ಯಜಮಾನತಿ ಗುರುಬಸಮ್ಮ. ಎತ್ತರದ ಆಳು, ಮೂಗಿನಲ್ಲಿ ದೊಡ್ಡ ನತ್ತು, ಗಿರಣಿಯ ಸದ್ದಿನ ನಡುವೆಯೂ ಬೀದಿಗೆ ಕೇಳುವ ಗಂಟಲು. ನಮಗಿಂತ ಅವರೇ ಹೆಚ್ಚು ತಯಾರಿದ್ದರು. ಉಪ್ಪಿಟ್ಟು, ಚಹಾ ಆದ ಮೇಲೆ ಚಾಪೆಯ ಮೇಲೆ ಎದುರು ಕೂತು ಇಂಟರ್ವ್ಯೂ ಶುರು ಮಾಡಿದರು.

“ಕಟ್ಟಿ ಹಾಕತೀರೇನ್ರಿ?”

“ಇಲ್ರಿ.”

“ಏನು ಉಣಸತೀರಿ? ಮಸ್ಕಿಯಾಗ ಬರೇ ಜ್ವಾಳದ ರೊಟ್ಟಿ. ನಮ್ಮ ಕೂಸು ಕಾಲುವಿ ನೀರಾಗ ಬೆಳದದ್ದು, ಅನ್ನ ಉಂಡದ್ದು.”

“ಅನ್ನಾನೂ ಮಾಡತೀವ್ರಿ,” ಅಂದರು ಅತ್ತೆಯವರು, ಸ್ವಲ್ಪ ಬಿಗಿಯಾಗಿ. “ನಾವೇನು ಬರಗಾಲದಾಗ ಕುಂತಿಲ್ಲ.”

“ಸಿಟ್ಟಾಗಬ್ಯಾಡ್ರಿ ಅಕ್ಕಾರ, ಹೆಣ್ಣು ಕೊಡೋರು ಕೇಳಬೇಕಾಗತೈತಿ. ಮನ್ಯಾಗ ಇನ್ನೊಂದು ನಾಯಿ ಐತಂತಲ್ಲ, ಅದರ ಗುಣ ಹೆಂಗ?”

“ಮುದುಕ ಆಗೈತ್ರಿ. ಉಣತೈತಿ, ಮಲಗತೈತಿ.”

“ಅಯ್ಯ, ಮುದುಕಗ ಕೊಡಂತೀರೇನ್ರಿ ನನ್ನ ಮಗಳನ್ನ!” ಅಂದು ಗುರುಬಸಮ್ಮ ನಕ್ಕರು ನೋಡಿ, ಅತ್ತೆಯವರ ಬಿಗಿ ಅಲ್ಲಿಗೇ ಒಡೆಯಿತು. ಇಬ್ಬರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಮ್ಮವರು ಮಾತ್ರ, ಬಂದದ್ದು ನಾಯಿಗೋ ಸಂಬಂಧಕ್ಕೋ ತಿಳಿಯದವರಂತೆ ಗೋಡೆಯ ಗಡಿಯಾರ ನೋಡುತ್ತಿದ್ದರು.

ಮರಿ ನನ್ನ ಕೈಗೆ ಬಂತು. ಬೆಚ್ಚಗೆ, ಹಗುರ, ಎದೆ ಮಾತ್ರ ಡವಡವ. ನಾನು ಎದ್ದೆ. ಗುರುಬಸಮ್ಮ, “ನಿಂದರ್ರಿ!” ಅಂದರು. ಒಳಗೆ ಹೋಗಿ ಮೊರದ ತುಂಬ ಅಕ್ಕಿ, ಒಣಕೊಬ್ಬರಿ ಬಟ್ಟಲು, ಅರಿಶಿಣಬೇರು, ಎಲೆ-ಅಡಿಕೆ, ಮೇಲೊಂದು ಹಸಿರು ಕುಬಸದ ಖಣ ಇಟ್ಟುಕೊಂಡು ಬಂದರು. “ಹೆಣ್ಣು ಖಾಲಿ ಉಡಿಲೆ ಈ ಮನಿ ದಾಟಬಾರದು. ಆಕೀಗೆ ಉಡಿ ಎಲ್ಲಿಂದ ಬರಬೇಕು? ನಿಮ್ಮ ಉಡಿಯಾಗ ಆಕಿ ಅದಾಳ, ನೀವ ಒಡ್ಡರಿ.”

ನಮ್ಮವರು ಫಕ್ಕನೆ ನಕ್ಕುಬಿಟ್ಟರು. ನಾನೂ ತಮಾಷೆಯೆಂದೇ ಸೆರಗು ಒಡ್ಡಿದೆ. ಗುರುಬಸಮ್ಮ ನಗುತ್ತಿರಲಿಲ್ಲ. ಮೊದಲು ಮರಿಯ ಹಣೆಗೆ ಕುಂಕುಮ ಇಟ್ಟರು, ಆಮೇಲೆ ನನ್ನ ಹಣೆಗೆ. ಬೊಗಸೆ ಬೊಗಸೆ ಅಕ್ಕಿ ಸೆರಗಿಗೆ ಬಿತ್ತು. ಅಕ್ಕಿಯ ಭಾರ ಸೊಂಟಕ್ಕೆ ತಾಗಿದಾಗ ನನಗೆ ಏನಾಯಿತೋ. ಮದುವೆಯಾಗಿ ಹೊರಟಾಗ ಪಕ್ಕದ ಕ್ವಾರ್ಟರ್ಸಿನ ಯಾರೋ ಹೆಂಗಸು ಅವಸರದಲ್ಲಿ ಉಡಿ ತುಂಬಿದ್ದಳು. ಅದಾದ ಮೇಲೆ ನನ್ನನ್ನು ಕಳಿಸಿಕೊಡುವ ಮನೆಯೇ ಇರಲಿಲ್ಲವಲ್ಲ. ‘ಎಕ್ಸ್‌ಕ್ಯೂಸ್ ಮಿ’ ಅಂದು ಹೊರಗೆ ಹೋಗೋಣವೆಂದರೆ ಸೆರಗಿನಲ್ಲಿ ಅಕ್ಕಿ, ಕಂಕುಳಲ್ಲಿ ನಾಯಿ. ಅಲ್ಲೇ ನಿಂತು ಅತ್ತುಬಿಟ್ಟೆ. ಮರಿ ನಿಶ್ಚಿಂತೆಯಿಂದ ಕೊಬ್ಬರಿ ನೆಕ್ಕುತ್ತಿತ್ತು.

“ಇನ್ನ ನಾವು ಬೀಗರಾದ್ವಿ,” ಅಂದರು ಗುರುಬಸಮ್ಮ. “ಹೋಗಿ ಬರ್ರಿ ಬೀಗತೇರೆ. ಕೂಸಿನ ಹೆಸರು ಬೆಳ್ಳಿ.”

ಮಸ್ಕಿ ಮುಟ್ಟುವಷ್ಟರಲ್ಲಿ ನಾನು ಬೆಳ್ಳಿಯನ್ನು ಡೈಸಿ ಮಾಡಿದ್ದೆ. ಈ ಸುದ್ದಿ ಕೇಳಿ ಗುರುಬಸಮ್ಮ, “ಇರಲಿ ಬಿಡ್ರಿ, ಗಂಡನ ಮನ್ಯಾಗ ಹೆಸರು ಬದಲಿ ಮಾಡೂದು ರೂಢಿ ಐತಲ್ಲ” ಎಂದು ಹೇಳಿ ಕಳಿಸಿದರು.

ಡೈಸಿ ಮನೆ ಹೊಕ್ಕ ಮೇಲೆ ನಮ್ಮವರ ಪ್ಲ್ಯಾನು ಫೇಲಾಯಿತು. ಸಣ್ಣದು ಒದರುವುದೇನೋ ಒದರಿತು. ಆದರೆ ದೊಡ್ಡದಕ್ಕೆ ಕೇಳಿಸಬೇಕಲ್ಲ! ಡೈಸಿ ತಾನೇ ಉಪಾಯ ಕಂಡುಕೊಂಡಳು. ಯಾರಾದರೂ ಬಂದರೆ ಎರಡು ಸಲ ಬೊಗಳಿ, ಓಡಿಹೋಗಿ ಟೈಗರನ ಕಿವಿ ಕಚ್ಚಿ ಎಳೆಯುತ್ತಿದ್ದಳು. ಅವನು ಏಳುತ್ತಿದ್ದ, ನಾಲ್ಕೂ ಕಾಲು ಚಾಚಿ ಮೈ ಮುರಿಯುತ್ತಿದ್ದ. ಅಷ್ಟರಲ್ಲಿ ಬಂದವರು ಚಹಾ ಕುಡಿದು ಹೊರಟಿರುತ್ತಿದ್ದರು. ಆದರೂ ಮುದುಕನಿಗೆ ಒಂದು ಕೆಲಸ ಸಿಕ್ಕಿತು. ಅವನು ಮತ್ತೆ ಬಾಲ ಅಲ್ಲಾಡಿಸಲು ಶುರುಮಾಡಿದ.

ಬೇಸಿಗೆ ಬಂತು. ಆ ಕೂದಲಿನ ರಾಶಿ ಹೊತ್ತು ಡೈಸಿ ನಾಲಿಗೆ ಹೊರಹಾಕಿ ಬಿದ್ದುಕೊಂಡಳು. ಲಿಂಗಸುಗೂರಿನ ದನದ ಡಾಕ್ಟರ ಹತ್ತಿರ ಒಯ್ದೆವು. ಎತ್ತು-ಎಮ್ಮೆಗಳ ನಡುವೆ ನಾನು ಕರ್ಚೀಫಿನಲ್ಲಿ ಗಾಳಿ ಬೀಸುತ್ತ ಡೈಸಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಡಾಕ್ಟರು ಅವಳನ್ನು ಅಂಗೈಯಲ್ಲಿ ಎತ್ತಿ ನೋಡಿ, “ಮೇಡಂ, ಸ್ವಲ್ಪ ಕೂದಲ ಕಡಿಮಿ ಮಾಡಸ್ರಿ” ಅಂದರು. ಮಸ್ಕಿಯ ಕ್ಷೌರಿಕರು, “ಗಿರಾಕಿ ಓಡಿಹೋಗತಾರ್ರೀ ಅಮ್ಮಾರ” ಅಂತ ಕೈಮುಗಿದರು. ಉಳಿದದ್ದು ಟೈಗರನನ್ನು ಕೊಟ್ಟ ಕುರಿಗಾರರೇ. ಒಬ್ಬರು ಉಣ್ಣೆ ಕತ್ತರಿ ಹಿಡಿದು ಬಂದು, ಡೈಸಿಯ ನಾಲ್ಕು ಕಾಲು ಕೂಡಿಸಿ ಹಿಡಿದು, ಕುರಿಗೆ ಮಾಡುವ ಹಾಗೆಯೇ ಸರಸರನೆ ಕತ್ತರಿಸಿ ಬಿಟ್ಟರು. ಎದ್ದು ನಿಂತದ್ದು ನಾಯಿಯೋ, ಇಲಿಯೋ, ಹುಟ್ಟಿದ ದಿನದ ಮೇಕೆಮರಿಯೋ! ಟೈಗರ್ ಮೂಸಿ ನೋಡಿ ಹಿಂದೆ ಸರಿದ. ಅತ್ತೆಯವರು ಕೆಳಗೆ ಬಿದ್ದ ಬಿಳಿ ರಾಶಿ ನೋಡಿ, “ಕಂಬಳಿಗಿ ಸಾಲಂಗಿಲ್ಲ. ಒಂದು ಕೂಸಿನ ಕುಲಾವಿ ಆದೀತು” ಅಂದರು.

ಕೂದಲು ಅರ್ಧ ಬೆಳೆದಿತ್ತು, ಅಷ್ಟರಲ್ಲಿ ಶ್ರಾವಣ. ನಾನು ವಾಡಿಕೆಯಂತೆ ಒಂದು ದಪ್ಪ ಕಾದಂಬರಿ ಹೊಂದಿಸಿಟ್ಟುಕೊಂಡಿದ್ದೆ. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಗುರುಬಸಮ್ಮನವರ ಹಿರಿಯ ಮಗ ವೀರೇಶ ನಿಂತಿದ್ದ. ಗಿರಣಿ ನಡೆಸುವ, ಮದುವೆಯಾಗಿ ಮಕ್ಕಳಿರುವ ಗಂಡಸು. ಕೈಯಲ್ಲಿ ಒಂದು ಚೀಲ, ಮುಖದಲ್ಲಿ ಹೇಳಲಾರದ ನಾಚಿಕೆ.

“ಅವ್ವ ಕಳಿಸ್ಯಾಳ್ರೀ. ಪಂಚಮಿಗೆ… ಕರಕೊಂಡು ಬಾ ಅಂದಾಳ.”

“ಯಾರನ್ನ?” ಅಂದರು ನಮ್ಮವರು.

ವೀರೇಶ ನೆಲ ನೋಡಿದ. “ಡೈಸೀನ್ರಿ.”

ನಾದಿನಿಯರು ಬಿದ್ದು ಬಿದ್ದು ನಕ್ಕರು. ನಮ್ಮವರು, “ಏನಪಾ ವೀರೇಶಪ್ಪ, ತಂಗೀಗೆ ಸೀರಿ ತಂದಿಯಿಲ್ಲ?” ಅಂತ ಕಾಡಿದರು. ಅವನು ಕಿವಿಯವರೆಗೂ ಕೆಂಪಾಗಿ, “ನಾ ಏನ್ ಮಾಡ್ಲಿರಿ? ನಾವು ಮೂರೂ ಮಂದಿ ಗಂಡಸರು. ಅವ್ವಗ ಕರಿಯಾಕ ಹೆಣ್ಣುಮಕ್ಕಳಿಲ್ಲ. ವರ್ಷಾ ಪಂಚಮಿಗೆ ಉಂಡಿ ಕಟ್ಟಿ ಓಣಿಯಾಗ ಹಂಚತಾಳ” ಅಂದ.

ನಗು ನಿಂತಿತು. ಅತ್ತೆಯವರು ಜಪದಿಂದ ಎದ್ದು ಬಂದರು. “ಕರಿಯಾಕ ಬಂದ ಮ್ಯಾಲ ಕಳಿಸಲಿಲ್ಲಂದ್ರ ಬೀಗರು ಏನಂದಾರು? ಕಳಿಸೂದ. ಆದ್ರ ಮೂಕಪ್ರಾಣಿ, ಒಂದನ್ನ ಹೆಂಗ ಕಳಸೂದು?” ಅಂದವರು ನನ್ನ ಕಡೆ ತಿರುಗಿದರು. “ಸುಶೀಲಾ, ನೀನೂ ಹೋಗು.”

“ಅತ್ತಿ, ಹಬ್ಬದಾಗ ಮನಿ ಕೆಲಸ?”

“ಹೆಣ್ಣುಮಕ್ಕಳು ಬಂದಾರಲ್ಲ, ಮಾಡತಾರ. ಜೀಕೂದು ಒಂದೇ ಕೆಲಸ ಏನು ಅವರಿಗೆ?”

ನಾದಿನಿಯರು ಬಾಯಿಗೆ ಸೆರಗು ಹಿಡಿದರು. ನಾನು ಟ್ರಂಕು ತೆಗೆದೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಮೂವತ್ತು ದಾಟಿದ ಹೆಂಗಸು, ಯಾವ ಸೀರೆ ಇಡಲಿ ಯಾವುದು ಬಿಡಲಿ ಅಂತ ಹುಡುಗಿಯ ಹಾಗೆ ಒದ್ದಾಡಿದೆ. ಬಸ್ಸಿನಲ್ಲಿ ವೀರೇಶ ಮುಂದೆ, ನಾನು ಹಿಂದೆ. ಬುಟ್ಟಿಯಲ್ಲಿ ಡೈಸಿ. ಪಕ್ಕದ ಅಜ್ಜಿ, “ಎಲ್ಲಿಗಿ ಹೊಂಟೀಯವಾ?” ಅಂತ ಕೇಳಿದಳು. “ತವರಮನಿಗಿ” ಅಂದೆ. ಬುಟ್ಟಿಯನ್ನು ತೋರಿಸಿ, “ಇಕೀದು” ಅನ್ನಬೇಕಿತ್ತು. ಅನ್ನಲಿಲ್ಲ.

ಗುರುಬಸಮ್ಮ ಬಾಗಿಲಲ್ಲೇ ಡೈಸಿಯನ್ನು ಎತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, “ಏನ್ರೀ ಬೀಗತೇರೆ, ನನ್ನ ಮಗಳಿಗೆ ಏನು ಗತಿ ಮಾಡೀರಿ? ಕುರಿ ಉಣ್ಣಿ ಕತ್ತರಸಿದಂಗ ಕತ್ತರಸೀರಲ್ಲ! ಇನ್ನೊಮ್ಮೆ ಹಿಂಗ ಮಾಡಿದ್ರ ಕಳಸಂಗಿಲ್ಲ ನೋಡ್ರಿ” ಅಂತ ಬೈದರು. ನನ್ನ ಜನ್ಮದಲ್ಲಿ ಬೈಗುಳ ಅಷ್ಟು ಹಿತವಾದದ್ದು ಅದೇ ಮೊದಲು. ತವರಿಗೆ ಬಂದ ಮಗಳ ಗಂಡನ ಮನೆಯವರನ್ನು ಬೈಯಬೇಕು, ಅದು ಶಾಸ್ತ್ರ.

ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಡೈಸಿಯನ್ನು ಕೂಡಿಸಿದರೆ ಹಾರಿ ಓಡಿಹೋದಳು. “ಖಾಲಿ ಜೋಕಾಲಿ ತೂಗಬಾರದ್ರಿ, ನೀವ ಕುಂದರ್ರಿ” ಅಂದರು ಗುರುಬಸಮ್ಮ. ಹಿಂದಿನಿಂದ ಅವರು ತಳ್ಳಿದ ರಭಸಕ್ಕೆ ನನ್ನ ತುರುಬು ಬಿಚ್ಚಿಹೋಯಿತು. ಹಿತ್ತಲ ಗೋಡೆಯ ಆಚೆ ಭತ್ತದ ಗದ್ದೆಗಳು ಹಸಿರಾಗಿ ಮೇಲೆ ಬಂದವು, ಕೆಳಗೆ ಹೋದವು. “ಸಾಕ್ರೀ, ಸಾಕ್ರೀ!” ಅಂತ ನಾನು ಕೂಗುತ್ತಿದ್ದೆ, ಸಾಕಾಗಿರಲಿಲ್ಲ.

ಮರುದಿನ ಹಾಲೆರೆಯುವ ಹೊತ್ತು. ನಾಗಪ್ಪನಿಗೆ ಹಾಲು ಹಾಕುವಾಗ ನಮ್ಮ ಕಡೆ ಒಬ್ಬೊಬ್ಬರ ಹೆಸರಿನಲ್ಲಿ ಪಾಲು ಎರೆಯುತ್ತಾರೆ. ಗುರುಬಸಮ್ಮ ಕೊಬ್ಬರಿ ಬಟ್ಟಲಿನಿಂದ ಹಾಲು ಬಿಡುತ್ತ, “ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು” ಅಂತ ಹೇಳುತ್ತ ಹೋದರು. ಮಕ್ಕಳ ಪಾಲು, ಸೊಸೆಯರ ಪಾಲು, ಡೈಸಿಯ ಪಾಲು. ಬಟ್ಟಲನ್ನು ಎತ್ತಿದ ಕೈ ಅಲ್ಲೇ ನಿಂತಿತು. ನನ್ನ ಕಡೆ ನೋಡಿದರು.

“ನಿಮ್ಮ ಅವ್ವನ ಹೆಸರೇನ್ರಿ?”

ಬೋರ್ಡಿಂಗಿನಲ್ಲಿ ಅಪ್ಪನ ಹೆಸರು ಕೇಳುತ್ತಿದ್ದರು, ಮದುವೆಯಲ್ಲಿ ಅಪ್ಪನ ಹೆಸರು ಕೇಳಿದರು. ಆಕೆಯ ಹೆಸರನ್ನು ನಾನು ಗಟ್ಟಿಯಾಗಿ ಹೇಳಿ ಎಷ್ಟು ಕಾಲವಾಗಿತ್ತೋ.

“ನೀಲಮ್ಮ.”

“ನೀಲಮ್ಮನ ಪಾಲು,” ಅಂದರು ಗುರುಬಸಮ್ಮ. ಹಾಲಿನ ಎಳೆ ಕಲ್ಲಿನ ಹೆಡೆಯ ಮೇಲಿಂದ ನಿಧಾನ ಇಳಿಯಿತು. ಆಮೇಲೆ ಬಟ್ಟಲನ್ನು ನನ್ನ ಕೈಗಿಟ್ಟು, “ಇನ್ನೊಂದು ಸಲ ನೀವ ಹಾಕ್ರಿ” ಅಂದರು.

ಹೀಗೆ ಪಂಚಮಿಯಿಂದ ಪಂಚಮಿಗೆ ಡೈಸಿ ತವರಿಗೆ ಹೋದಳು, ನಾನು ಅವಳ ಜೊತೆಗಾರ್ತಿ. ಓಣಿಯಲ್ಲಿ, “ನಾಯಿಗೆ ತವರಮನಿ!” ಅಂತ ನಗುವವರಿದ್ದರು. ನಾನೂ ನಗುತ್ತಿದ್ದೆ, ನಾಯಿಯ ನೆಪ ನನಗೆ ಬೇಕಿತ್ತು. ಟೈಗರ್ ಒಂದು ಚಳಿಗಾಲ ಕಟ್ಟೆಯ ಮೇಲೆ ಮಲಗಿದಲ್ಲೇ ಹೋದ. ಡೈಸಿ ಬಹಳ ದಿನ ಆ ಜಾಗವನ್ನು ಸುತ್ತುಹಾಕಿ ನಡೆದಳು. ಆಮೇಲೆ ಅಂಗುಲ ಅಂಗುಲವಾಗಿ ಒಳಗೆ ಬಂದಳು. ಕೊನೆಯ ವರ್ಷಗಳಲ್ಲಿ ಅತ್ತೆಯವರು ಪೂಜೆಗೆ ಕೂತರೆ ಅಡುಗೆಮನೆಯ ಹೊಸ್ತಿಲ ಮೇಲೆ ಗದ್ದ ಇಟ್ಟು ಮಲಗಿರುತ್ತಿದ್ದಳು. “ಹೊಸ್ತಿಲ ಒಳಗೂ ಅಲ್ಲ, ಹೊರಗೂ ಅಲ್ಲ” ಅಂತ ಅತ್ತೆಯವರೇ ತೀರ್ಪು ಕೊಟ್ಟಿದ್ದರು.

ತೊಂಬತ್ತರ ದಶಕ ಅರ್ಧ ಕಳೆದಿರಬೇಕು, ಡೈಸಿಯೂ ಹೋದಳು. ಸಿಂಧನೂರಿಗೆ ಹೇಳಿ ಕಳಿಸಿದೆವು. ಗುರುಬಸಮ್ಮನಿಗೆ ಮೊಣಕಾಲು ನೋವು. ವೀರೇಶ ಬಂದು ಕೂತು ಹೋದ. ಆ ವರ್ಷ ಶ್ರಾವಣ ಹತ್ತಿರ ಬಂದಂತೆ ನನಗೆ ಊಟ ಸೇರದಾಯಿತು. ಹೇಳಿಕೊಳ್ಳುವ ಮಾತಲ್ಲ. ನಾಯಿ ಸತ್ತದ್ದಕ್ಕೆ ದುಃಖ ಅಂದರೆ ಜನ ಒಪ್ಪುತ್ತಾರೆ. ನಾಯಿಯ ಜೊತೆಗೇ ತವರುಮನೆ ಹೋಯಿತಲ್ಲ ಅಂದರೆ? ಕರೆಸಿಕೊಳ್ಳಬೇಕಾದವಳೇ ಇಲ್ಲ, ಜೊತೆಗಾರ್ತಿಯನ್ನು ಯಾರು ಕರೆಯುತ್ತಾರೆ? ವೀರೇಶ ಬರುತ್ತಿದ್ದ ದಿನ ಬಂತು. ಬೆಳಗಿನ ಬಸ್ಸು ಬಂದ ಹೊತ್ತು ದಾಟಿತು. ನಾನು ಡಬ್ಬಿಗಳನ್ನು ಇಳಿಸಿ ಅಡುಗೆಮನೆ ತೊಳೆಯಲು ನಿಂತೆ.

“ಬೀಗತೇರೆ!” ಅಂತ ಓಣಿಗೆಲ್ಲ ಕೇಳುವ ಗಂಟಲು. ಒದ್ದೆ ಕೈಯಲ್ಲೇ ಓಡಿ ಬಂದೆ. ಗುರುಬಸಮ್ಮ, ಕೋಲು ಊರಿಕೊಂಡು, ಬೆವೆತು, ಕಟ್ಟೆಯ ಮೇಲೆ ಕೂತಿದ್ದರು. ಅವರು ಮಸ್ಕಿಗೆ ಬಂದದ್ದು ಅದೇ ಮೊದಲು.

“ವೀರೇಶ ನಾಚಕೊಂಡ. ‘ನಾಯಿ ಸತ್ತೈತಿ, ಇನ್ನ ಯಾರನ್ನ ಕರೀಲಬೇ?’ ಅಂದ. ಅಂವಗೇನು ತಿಳೀತೈತಿ, ಗಂಡಸು. ಅದಕ್ಕ ನಾನ ಬಂದೆ. ನೀವೇನ್ರಿ ಇನ್ನೂ ತಯಾರಾಗಿಲ್ಲ?”

“ಡೈಸಿ…” ಅಂದೆ.

“ಆಕಿ ಹೋಗ್ಯಾಳ, ಖರೆ. ಒಬ್ಬಾಕಿ ಹೋದ್ರ ಇನ್ನೊಬ್ಬಾಕೀನ ಬಿಡತಾರೇನು? ನಾ ಉಡಿ ತುಂಬಿದ್ದು ಯಾರಿಗಿ? ನಾಯಿಗೇನು?”

ಒಳಗಿನಿಂದ ಅತ್ತೆಯವರು ಗೋಡೆ ಹಿಡಿದು ಬಂದರು. ಅವರ ಕೈಯಲ್ಲಿ ನನ್ನ ಚೀಲವಿತ್ತು, ಸೀರೆಗಳನ್ನು ಮಡಿಸಿ ತುಂಬಿದ್ದರು. “ಬರತೀರಂತ ಗೊತ್ತಿತ್ರಿ” ಅಂದರು ಗುರುಬಸಮ್ಮನಿಗೆ. “ಈ ಕಾನ್ವೆಂಟಿನ್ಯಾಕಿಗಷ್ಟ ಗೊತ್ತಿರಲಿಲ್ಲ.”

ಇಬ್ಬರು ಮುದುಕಿಯರೂ ಎಷ್ಟು ವರ್ಷದಿಂದ ಈ ನಾಟಕ ಆಡಿಕೊಂಡು ಬಂದಿದ್ದರೋ ಅಂತ ನನಗೆ ಹೊಳೆದದ್ದು ಆಗ. ಸಿಸ್ಟರುಗಳು ನನಗೆ ‘ಥ್ಯಾಂಕ್ಯೂ’ ಹೇಳುವುದನ್ನು ಚೆನ್ನಾಗಿಯೇ ಕಲಿಸಿದ್ದರು; ಉಪ್ಪಿನ ಡಬ್ಬಿ ದಾಟಿಸಿದವರಿಗೂ ಹೇಳುತ್ತಿದ್ದೆ. ಆ ಹೊತ್ತಿನಲ್ಲಿ ಅದು ತೀರ ಸಣ್ಣ ಶಬ್ದವೆನಿಸಿತು. ಸುಮ್ಮನೆ ಹೋಗಿ ಸೀರೆ ಬದಲಿಸಿ ಬಂದೆ.

ಆಮೇಲೂ ಕೆಲವು ಪಂಚಮಿಗಳು ಸಿಕ್ಕವು. ಕೊನೆಯದು ಯಾವುದೆಂದು ಆಗ ತಿಳಿದಿರಲಿಲ್ಲ. ಆ ವರ್ಷದ ಚಳಿಗಾಲದಲ್ಲಿ ಗುರುಬಸಮ್ಮ ತೀರಿಕೊಂಡರು; ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ಅವರನ್ನು ನಾನು ಕಡೆಯ ಸಲ ನೋಡಿದ್ದು ಆ ಪಂಚಮಿ ಮುಗಿಸಿ ಮರಳುವಾಗ, ಸಿಂಧನೂರಿನ ಬಸ್‌ ಸ್ಟ್ಯಾಂಡಿನಲ್ಲಿ.

ಬೇಡವೆಂದರೂ ಕಳಿಸಲು ಬಂದಿದ್ದರು. ಹಬ್ಬ ಮುಗಿಸಿ ಹೊರಟ ಹೆಣ್ಣುಮಕ್ಕಳಿಂದ ಬಸ್ಸಿನ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಗುರುಬಸಮ್ಮ ಕೋಲನ್ನು ನನ್ನ ಕೈಗೆ ಕೊಟ್ಟು, ಉಂಡಿಯ ಗಂಟನ್ನು ಕಿಟಕಿಯೊಳಗಿಂದ ಒಂದು ಸೀಟಿನ ಮೇಲೆ ಎಸೆದರು. ಒಳಗೆ ಯಾರೋ ಗಂಡಸು ಆ ಗಂಟನ್ನು ಸರಿಸಿ ಕೂರಲು ಹೋದ.

“ಏಯ್! ಯಪ್ಪಾ, ಅಲ್ಲಿ ಗಂಟು ಕಾಣಸಂಗಿಲ್ಲೇನು?”

“ನಿಮಗ ಬೇಕೇನಜ್ಜಿ ಸೀಟು?”

“ನನಗಲ್ಲೋ. ನನ್ನ ಮಗಳು ಕುಂದರತಾಳ.”

ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹಾಗೆ ಕರೆದದ್ದು ಕೇಳಿರಲಿಲ್ಲ. ಅವರಿಗೆ ಅದರ ಕಡೆ ಗಮನವೇ ಇರಲಿಲ್ಲ, ಜಗಳದ ರಭಸದಲ್ಲಿದ್ದರು. ನಾನು ಹತ್ತಿ ಕೂತೆ. ಕಿಟಕಿಯಿಂದ ಕೋಲು ಕೊಟ್ಟೆ. ಅವರು ಕಂಡಕ್ಟರನನ್ನು ಹಿಡಿದುಕೊಂಡರು.

“ಮಸ್ಕಿಯಾಗ ಇಳಸಪಾ ಈಕೀನ. ಪುಸ್ತಕ ಹಿಡದು ಕುಂತ್ಲಂದ್ರ ಎಚ್ಚರ ಇರಂಗಿಲ್ಲ, ಲಿಂಗಸುಗೂರಿಗೆ ಹೋಗಿಬಿಡ್ತಾಳ.”

“ಆತ್ ಬಿಡಬೇ ಯವ್ವಾ, ಇಳಸ್ತೀನಿ.”

“ನೋಡು ಮತ್ತ!”

ಬಸ್ಸು ಹೊರಟಿತು. ನಾನು ತಲೆ ಹೊರಗೆ ಹಾಕಿ ಕೈ ಬೀಸಿದೆ. ಗುರುಬಸಮ್ಮ ನನ್ನ ಕಡೆ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತ ಯಾರೋ ಹೆಂಗಸಿನ ಕಡೆ ಬಾಗಿ ಏನೋ ಹೇಳುತ್ತಿದ್ದರು. ಮಾತು ಕೇಳಿಸಲಿಲ್ಲ. ಬಸ್ಸು ತಿರುವು ದಾಟುವ ತನಕ ಅವರ ಕೋಲು ನನ್ನ ಕಿಟಕಿಯನ್ನೇ ತೋರಿಸುತ್ತಿತ್ತು.